ಮಾದರಿಗಷ್ಟೇ ಅಲ್ಲ, ಮಾಡಿದ ದಾರಿಗೂ ಅಂಕವಿರಲಿ

ಮಾನ್ಯ ಸಂಪಾದಕರೇ,

ಮುಂದಿನ ಐದು ವರ್ಷಗಳಲ್ಲಿ ದೇಶದ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು (ಮಕ್ಕಳು ಉಪಕರಣ ಹಿಡಿದು ತಾವೇ ವಸ್ತು ಮಾಡಿ ಕಲಿಯುವ ಪ್ರಯೋಗಶಾಲೆಗಳನ್ನು) ಸ್ಥಾಪಿಸುವುದಾಗಿ 2025ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಗಿತ್ತು. ನೀತಿ ಆಯೋಗದ ಅಡಿಯಲ್ಲಿ 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ಈಗಾಗಲೇ 10,000ಕ್ಕೂ ಹೆಚ್ಚು ಶಾಲೆಗಳಲ್ಲಿ ಇಂಥ ಲ್ಯಾಬ್‌ಗಳಿಗೆ ನೆರವು ನೀಡಿದೆ. ಆರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳಿಗಾಗಿ ರೂಪಿಸಿದ ಈ ಯೋಜನೆಯಲ್ಲಿ ಶಾಲೆಯೊಂದಕ್ಕೆ ಗರಿಷ್ಠ 20 ಲಕ್ಷ ರೂಪಾಯಿ ಅನುದಾನ ದೊರೆಯುತ್ತಿತ್ತು. ಅದರಲ್ಲಿ ಅರ್ಧ ಲ್ಯಾಬ್ ಕಟ್ಟಲು, ಇನ್ನರ್ಧ ಐದು ವರ್ಷಗಳ ನಿರ್ವಹಣೆಗೆ. ಹಳ್ಳಿಯ ಮಗುವೊಂದು ತ್ರೀ-ಡಿ ಪ್ರಿಂಟರ್ ಮುಂದೆ ನಿಂತು ಕೆಲಸ ಮಾಡುವುದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ಸಂತೋಷವನ್ನು ಉಳಿಸಿಕೊಂಡೇ ಒಂದು ಮಾತನ್ನು ನಿಮ್ಮ ಪತ್ರಿಕೆಯ ಮೂಲಕ ಶಿಕ್ಷಣ ಇಲಾಖೆಯ, ಶಿಕ್ಷಕರ ಮತ್ತು ಪೋಷಕರ ಗಮನಕ್ಕೆ ತರಬಯಸುತ್ತೇನೆ. ನಮ್ಮ ಶಾಲೆಗಳಲ್ಲಿ ವಸ್ತುವಿದೆ, ವಸ್ತುವಿನ ಪ್ರದರ್ಶನವಿದೆ, ಬಹುಮಾನವಿದೆ. ಆದರೆ ಆ ವಸ್ತುವನ್ನು ವಿನ್ಯಾಸಗೊಳಿಸುವ ಕ್ರಮವನ್ನು ಮಕ್ಕಳಿಗೆ ಕಲಿಸುವ ಏರ್ಪಾಡು ಇಲ್ಲ. ಕಲಿತ ಮಗುವನ್ನು ಗುರುತಿಸುವ ಏರ್ಪಾಡಂತೂ ಇಲ್ಲವೇ ಇಲ್ಲ.

ನಾನು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಈಗ ಸುತ್ತಮುತ್ತಲ ಪ್ರೌಢಶಾಲೆಗಳವರು ಕರೆದಾಗ ಹೋಗಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ತಾಲ್ಲೂಕು, ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತೀರ್ಪುಗಾರನಾಗಿಯೂ ಕುಳಿತಿದ್ದೇನೆ. ಅಂಥ ಪ್ರದರ್ಶನಕ್ಕೆ ಒಮ್ಮೆ ಹೋಗಿಬಂದ ಯಾರಿಗಾದರೂ ಅಲ್ಲಿ ಏನೇನು ಇರುತ್ತದೆ ಎಂಬುದು ಗೊತ್ತು. ಕೈ ಒಡ್ಡಿದರೆ ಮುಚ್ಚಳ ತೆರೆಯುವ ಕಸದ ಬುಟ್ಟಿ, ಮಳೆ ಬಂದರೆ ಒಳಗೆ ಸರಿಯುವ ಬಟ್ಟೆಯ ತಂತಿ, ಮಣ್ಣಿನ ತೇವಾಂಶ ನೋಡಿ ತಾನೇ ಚಾಲೂ ಆಗುವ ಪಂಪು, ಅಂಧರಿಗಾಗಿ ಬೀಪ್ ಶಬ್ದ ಮಾಡುವ ಊರುಗೋಲು. ಪ್ರೋಗ್ರಾಂ ತುಂಬಬಹುದಾದ ಒಂದು ಪುಟ್ಟ ಆರ್ಡುಯಿನೊ ಬೋರ್ಡು, ಶಬ್ದದಿಂದ ದೂರ ಅಳೆಯುವ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಹೇಳಿದಷ್ಟು ಕೋನಕ್ಕೆ ತಿರುಗುವ ಒಂದು ಪುಟ್ಟ ಸರ್ವೊ ಮೋಟಾರು ಇದ್ದರೆ ಇವುಗಳಲ್ಲಿ ಹೆಚ್ಚಿನವನ್ನು ಒಂದೇ ಮಧ್ಯಾಹ್ನದಲ್ಲಿ ಜೋಡಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವುಗಳ ಬಿಡಿಭಾಗಗಳೆಲ್ಲ ಸಿಗುತ್ತವೆ, ಪ್ರೋಗ್ರಾಂ ಅಂತರ್ಜಾಲದಲ್ಲಿ ಸಿಗುತ್ತದೆ, ವಿವರಣೆಯ ಪಾಠವನ್ನು ಮಗು ಬಾಯಿಪಾಠ ಮಾಡಿಕೊಂಡು ಬರುತ್ತದೆ. ಜೋಡಿಸುವುದರಲ್ಲಿ ಕಲಿಕೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಸುಗೆ ಹಾಕುವುದು, ತಂತಿಯ ಧನ-ಋಣ ತುದಿಗಳನ್ನು ಗುರುತಿಸುವುದು, ಪ್ರೋಗ್ರಾಮಿನ ತಪ್ಪು ಹುಡುಕುವುದು ಇವೆಲ್ಲವೂ ಬೇಕಾದ ವಿದ್ಯೆಗಳೇ. ಆದರೆ ಅದು ವಿನ್ಯಾಸವಲ್ಲ, ಮತ್ತೊಬ್ಬರು ಮುಗಿಸಿಟ್ಟ ವಿನ್ಯಾಸದ ನಕಲು.

ಅಂಧರ ಊರುಗೋಲಿನ ಉದಾಹರಣೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅದರ ಹಿಂದಿನ ಉದ್ದೇಶ ಒಳ್ಳೆಯದು ಮತ್ತು ಅದು ಪ್ರತಿ ವರ್ಷ ಬರುತ್ತದೆ. ಮಕ್ಕಳು ಸಾಮಾನ್ಯವಾಗಿ ಬಳಸುವ ಅಗ್ಗದ ಸೆನ್ಸರ್, ಶಬ್ದದ ಅಲೆಯನ್ನು ಕಳುಹಿಸಿ ಅದು ಮರಳಿ ಬರುವ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಅದರ ಅಳತೆಯ ವ್ಯಾಪ್ತಿ ಸುಮಾರು 2 ಸೆಂಟಿಮೀಟರಿನಿಂದ 4 ಮೀಟರಿನವರೆಗೆ. ಎದುರಿಗೆ ಗಟ್ಟಿಯಾದ ಗೋಡೆ ಇದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಓರೆಯಾದ ಮೇಲ್ಮೈ ಸಿಕ್ಕರೆ ಶಬ್ದ ಬೇರೆಡೆಗೆ ಸಿಡಿದುಹೋಗುತ್ತದೆ, ಮೆತ್ತನೆಯ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೋಲಿನ ನಡುವಿಗೆ ಕಟ್ಟಿದ ಸೆನ್ಸರ್ ಮುಂದಕ್ಕೆ ನೋಡುತ್ತದೆ. ನೆಲದ ಮೇಲಿನ ತೆರೆದ ಚರಂಡಿಯನ್ನಾಗಲಿ, ಫುಟ್‌ಪಾತಿನ ಅಂಚನ್ನಾಗಲಿ ಅದು ಕಾಣದು. ದೃಷ್ಟಿ ಇಲ್ಲದವರು ಬಳಸುವ ಸಾಮಾನ್ಯ ಬಿಳಿ ಕೋಲು ನೆಲವನ್ನು ಸವರುತ್ತಾ ಹೋಗಿ ಇದೇ ಮಾಹಿತಿಯನ್ನು ಕೈಗೆ ಮುಟ್ಟಿಸುತ್ತದೆ. ಆ ಕೋಲನ್ನು ಹಿಡಿದು ದಿನವೂ ಬಸ್ ನಿಲ್ದಾಣಕ್ಕೆ ಹೋಗಿಬರುವ ಒಬ್ಬ ವ್ಯಕ್ತಿಯ ಜೊತೆ ಮಗು ಅರ್ಧ ಗಂಟೆ ನಡೆದಿದ್ದರೆ ಸಾಕಿತ್ತು, ಅದು ಮಾಡಹೊರಟ ವಸ್ತುವಿನ ರೂಪವೇ ಬದಲಾಗುತ್ತಿತ್ತು. ಬಹುಶಃ ತಲೆಯ ಎತ್ತರದಲ್ಲಿ ಚಾಚಿಕೊಂಡ ಕೊಂಬೆಯನ್ನೋ ಲಾರಿಯ ಹಿಂಬದಿಯ ಸರಳನ್ನೋ ತಿಳಿಸುವ ಸಾಧನದ ಕಡೆಗೆ ಅದರ ಯೋಚನೆ ಹರಿಯುತ್ತಿತ್ತು, ಏಕೆಂದರೆ ನೆಲ ಸವರುವ ಕೋಲಿಗೆ ಸಿಗದ ಅಡ್ಡಿ ಅದು. ಆದರೆ ಊರುಗೋಲಿನ ಮಾದರಿ ತಂದ ಮಕ್ಕಳನ್ನು “ಇದನ್ನು ಬಳಸಬೇಕಾದವರನ್ನು ಮಾತನಾಡಿಸಿದ್ದೀರಾ?” ಎಂದು ಕೇಳಿದಾಗ, ಹೌದು ಎಂಬ ಉತ್ತರ ನನಗೆ ದೊರೆತದ್ದು ತೀರಾ ವಿರಳ. ಅದು ಮಕ್ಕಳ ದೋಷವಲ್ಲ. ಮಾತನಾಡಿಸಿ ಬನ್ನಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಉತ್ಪನ್ನ ವಿನ್ಯಾಸದ ಕ್ರಮ ಎಂದರೆ ಏನೋ ದೊಡ್ಡ ಶಾಸ್ತ್ರ ಎಂದು ಶಿಕ್ಷಕರು ಹಿಂಜರಿಯಬೇಕಿಲ್ಲ. ಯಾರಿಗೆ ಏನು ತೊಂದರೆಯಾಗುತ್ತಿದೆ ಎಂಬುದನ್ನು ಹೋಗಿ ನೋಡುವುದು. ನೋಡಿದ್ದನ್ನು ಅಳತೆಗಳ ಸಮೇತ ಬರೆದುಕೊಳ್ಳುವುದು. ಮಾಡುವ ವಸ್ತು ಏನೇನನ್ನು ಪೂರೈಸಬೇಕು, ಎಷ್ಟು ಖರ್ಚು ಮೀರಬಾರದು, ಎಷ್ಟು ತೂಕ ಇರಬೇಕು ಎಂಬ ಷರತ್ತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಒಂದಲ್ಲ, ನಾಲ್ಕಾರು ಬಗೆಯ ಚಿತ್ರಗಳನ್ನು ಬಿಡಿಸಿ ನೋಡುವುದು. ರಟ್ಟಿನಲ್ಲೋ ಬಿದಿರಿನಲ್ಲೋ ಕಚ್ಚಾ ಮಾದರಿ ಮಾಡಿ ಬಳಸುವವರ ಕೈಗೇ ಕೊಡುವುದು. ಎಲ್ಲಿ ಕೆಟ್ಟಿತು ಎಂದು ಗುರುತಿಸಿ ಮತ್ತೆ ಮಾಡುವುದು. ಪಠ್ಯಗಳಲ್ಲಿ ಇದನ್ನು ಒಂದರ ಮುಂದೊಂದು ಪೆಟ್ಟಿಗೆ ಬರೆದು ಬಾಣ ಎಳೆದು ತೋರಿಸುತ್ತಾರೆ. ಕೆಲಸದಲ್ಲಿ ಅದು ಹಾಗೆ ನೇರವಾಗಿ ಸಾಗುವುದೇ ಇಲ್ಲ. ಮೂರನೆಯ ಹಂತದಲ್ಲಿದ್ದಾಗ ಮೊದಲನೆಯ ಹಂತದ ಪ್ರಶ್ನೆಯೇ ತಪ್ಪಾಗಿತ್ತು ಎಂದು ತಿಳಿಯುವುದುಂಟು, ಆಗ ಹಿಂದಕ್ಕೆ ಹೋಗುವ ಧೈರ್ಯ ಮತ್ತು ಸಮಯ ಎರಡೂ ಇರಬೇಕು. ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಇಲ್ಲದೇ ಇರುವುದು ಮುಖ್ಯವಾಗಿ ಈ ಹಿಂದಕ್ಕೆ ಹೋಗುವ ಅವಕಾಶ.

ನಾನು ಹತ್ತಿರದಿಂದ ನೋಡಿದ ಒಂದು ಕೆಲಸವನ್ನು ಇಲ್ಲಿ ಹೇಳುವುದು ಸೂಕ್ತ. ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಮಕ್ಕಳ ತಂಡ, ಅದರಲ್ಲಿ ಹೆಚ್ಚಿನವರು ಹುಡುಗಿಯರು, ಬಿಸಿಯೂಟದ ಅಡುಗೆಮನೆಯನ್ನು ಆರಿಸಿಕೊಂಡಿತು. ಅಡುಗೆಯವರು ಸಾಂಬಾರಿನ ದೊಡ್ಡ ಪಾತ್ರೆಯನ್ನು ಬಗ್ಗಿಸಿ ಬಕೆಟ್ಟುಗಳಿಗೆ ಸುರಿಯುವಾಗ ಕೈಗೆ, ಕಾಲಿಗೆ ಸಿಡಿಯುತ್ತದೆ ಎಂಬುದು ಅವರು ಗಮನಿಸಿದ್ದ ತೊಂದರೆ. ಮೊದಲ ದಿನವೇ ಒಬ್ಬ ಹುಡುಗ ಮೋಟಾರು ಮತ್ತು ರಿಮೋಟ್ ಇರುವ ಯಂತ್ರದ ಚಿತ್ರ ಬರೆದುಕೊಂಡು ಬಂದ. ಯಂತ್ರ ಆಮೇಲೆ, ಮೊದಲು ಅಡುಗೆಮನೆಗೆ ಹೋಗಿ ಅಳತೆ ತನ್ನಿ ಎಂದೆವು. ನೂರಿಪ್ಪತ್ತು ಮಕ್ಕಳಿಗೆ ತಲಾ 200 ಮಿಲಿಲೀಟರ್ ಎಂದರೆ 24 ಲೀಟರ್ ಸಾಂಬಾರು, ಪಾತ್ರೆಯ ತೂಕವೂ ಸೇರಿದರೆ ಸುಮಾರು 30 ಕಿಲೋಗ್ರಾಂ. ಒಲೆಯ ಎತ್ತರ, ಪಾತ್ರೆಯ ಅಂಚಿನ ಎತ್ತರ, ಅಡುಗೆಯವರ ಮೊಣಕೈಯ ಎತ್ತರ ಎಲ್ಲವನ್ನೂ ಟೇಪು ಹಿಡಿದು ಬರೆದುಕೊಂಡು ಬಂದರು. ಮೋಟಾರಿನ ಚಿತ್ರವನ್ನು ನೋಡಿದ ಅಡುಗೆಯವರು ಎರಡೇ ಮಾತು ಹೇಳಿದರಂತೆ: ದಿನವೂ ತೊಳೆಯುವುದಕ್ಕೆ ಬರಬೇಕು, ಕರೆಂಟು ಇಲ್ಲದಾಗಲೂ ನಡೆಯಬೇಕು. ಆ ಎರಡು ಷರತ್ತುಗಳ ಮುಂದೆ ಮೋಟಾರು ನಿಲ್ಲಲಿಲ್ಲ.

ಆಮೇಲೆ ಅವರು ಯೋಚಿಸಿದ್ದು ಎರಡು ಕಂಬಗಳ ನಡುವೆ ಪಾತ್ರೆಯನ್ನು ತೂಗುಹಾಕಿ ಹಿಡಿ ಒತ್ತಿ ವಾಲಿಸುವ ಚೌಕಟ್ಟು. ಶಾಲೆಯ ಪಾತ್ರೆಗೆ ತೂತು ಕೊರೆಯುವಂತಿಲ್ಲವಾದ್ದರಿಂದ ಅದರ ಅಂಚಿನ ಕೆಳಗೆ ಕೂರುವ ಕಬ್ಬಿಣದ ಬಳೆ, ಆ ಬಳೆಗೆ ಎರಡು ಕಡೆ ಪಿನ್ನು. ನಿಜವಾದ ಪಾತ್ರೆಯ ಬದಲು ಖಾಲಿ ಬಣ್ಣದ ಡಬ್ಬಿಗೆ ಬಿದಿರಿನ ಕಟ್ಟು ಹಾಕಿ, ಸಾಂಬಾರಿನ ಬದಲು ತಣ್ಣೀರು ತುಂಬಿ ಪರೀಕ್ಷೆ ಮಾಡಿದರು. ವಾಲಿಸಲು ಸುಲಭವಾಗಲಿ ಎಂದು ಪಿನ್ನನ್ನು ಡಬ್ಬಿಯ ನಡುವಿಗಿಂತ ಕೆಳಗೆ ಇಟ್ಟಿದ್ದರು. ಮುಕ್ಕಾಲು ಭಾಗ ನೀರು ತುಂಬಿ ಸ್ವಲ್ಪ ಒತ್ತಿದ್ದೇ ತಡ, ನೀರೆಲ್ಲ ವಾಲಿದ ಕಡೆಗೆ ಸರಿದು ಡಬ್ಬಿ ಪೂರ್ತಿ ಮಗುಚಿತು. ತೂಗುಹಾಕಿದ ವಸ್ತುವಿನ ಗುರುತ್ವ ಕೇಂದ್ರ ಅದು ತಿರುಗುವ ಬಿಂದುವಿಗಿಂತ ಮೇಲಿದ್ದರೆ ವಸ್ತು ಮಗುಚುತ್ತದೆ ಎಂಬ ಮಾತನ್ನು ಅವರು ಪುಸ್ತಕದಲ್ಲಿ ಓದಿದ್ದರು, ದ್ರವ ತಾನೇ ಸರಿದು ಆ ಕೇಂದ್ರವನ್ನೂ ತನ್ನ ಜೊತೆ ಒಯ್ಯುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡರು. ಪಿನ್ನನ್ನು ಒಂದೊಂದೇ ಅಂಗುಲ ಮೇಲಕ್ಕೆ ಸರಿಸುತ್ತಾ ಪ್ರತಿ ಬಾರಿಯೂ ನೀರು ತುಂಬಿ ನೋಡಿದರು. ಕೈಬಿಟ್ಟರೆ ಡಬ್ಬಿ ತಾನಾಗಿ ನೆಟ್ಟಗೆ ನಿಲ್ಲುವ ಜಾಗ ಸಿಕ್ಕಿದಾಗ ಅದನ್ನು ತಮ್ಮ ಕೆಲಸದ ಪುಸ್ತಕದಲ್ಲಿ ಚಿತ್ರದ ಜೊತೆ ಗುರುತು ಹಾಕಿಕೊಂಡರು. ಹಿಡಿಯನ್ನು ತ್ರೀ-ಡಿ ಪ್ರಿಂಟರಿನಲ್ಲಿ ಮಾಡೋಣ ಎಂಬ ಸಲಹೆಯೂ ಬಂತು. ಪ್ರಿಂಟರಿಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ ಎಂಬುದನ್ನು ಒಬ್ಬಳು ಹುಡುಕಿ ತಂದಳು, ಹಿಡಿ ಮರದ್ದಾಯಿತು.

ಇಷ್ಟೆಲ್ಲ ಆದ ಮೇಲೆ ಬಿದಿರಿನ ಮಾದರಿಯನ್ನು ಅಡುಗೆಮನೆಗೆ ಒಯ್ದಾಗ ಅಡುಗೆಯವರು ಕೇಳಿದ ಪ್ರಶ್ನೆ ಇಡೀ ಕೆಲಸವನ್ನು ಮೊದಲಿಗೆ ತಂದು ನಿಲ್ಲಿಸಿತು. ಕುದಿಯುವ ಪಾತ್ರೆಯನ್ನು ಒಲೆಯಿಂದ ಎತ್ತಿ ಈ ಬಳೆಯೊಳಗೆ ಕೂರಿಸುವವರು ಯಾರು? ಸುರಿಯುವುದಕ್ಕಿಂತ ಎತ್ತುವುದೇ ಹೆಚ್ಚು ಅಪಾಯದ ಕೆಲಸ ಎಂಬುದು ಅಡುಗೆಯವರಿಗೆ ಗೊತ್ತಿತ್ತು, ಆದರೆ ಮಕ್ಕಳು ಸುರಿಯುವುದರ ಬಗ್ಗೆ ಮಾತ್ರ ಕೇಳಿದ್ದರು, ಅಡುಗೆಯವರು ಅದಕ್ಕೆ ಮಾತ್ರ ಉತ್ತರ ಕೊಟ್ಟಿದ್ದರು. ತಂಡದಲ್ಲಿ ಒಂದು ವಾರ ಬೇಸರ ಇತ್ತು. ಆಮೇಲೆ ಅವರು ಬಳೆಯ ಚೌಕಟ್ಟನ್ನು ಬದಿಗಿಟ್ಟು, ಪಾತ್ರೆಯನ್ನು ಎತ್ತದೆಯೇ ಒಲೆಯಿಂದ ಆಚೆ ತರುವುದು ಹೇಗೆ ಎಂಬ ಹೊಸ ಪ್ರಶ್ನೆಯನ್ನು ಪುಟದ ಮೇಲೆ ಬರೆದರು. ಕೊನೆಗೆ ಸಿದ್ಧವಾದದ್ದು ಒಂದು ಮೇಜು. ಅದು ಒಲೆಯಷ್ಟೇ ಎತ್ತರದ್ದು, ಮೇಲೆ ನುಣುಪಾದ ಕಬ್ಬಿಣದ ತಗಡು, ಮೂರು ಕಡೆ ಅಂಚುಕಟ್ಟು, ಒಲೆಗೂ ಮೇಜಿಗೂ ನಡುವಿನ ಸಂದನ್ನು ಮುಚ್ಚಲು ಮಡಚುವ ಒಂದು ಪಟ್ಟಿ. ಒಲೆ ಆರಿಸಿ, ಮುಚ್ಚಳ ಬಿಗಿದು, ಇಬ್ಬರು ಎರಡು ಕಡೆ ಹಿಡಿದು ಪಾತ್ರೆಯನ್ನು ಮೇಜಿನ ಮೇಲಕ್ಕೆ ಸರಿಸುತ್ತಾರೆ, ಅಲ್ಲಿಂದ ಉದ್ದ ಹಿಡಿಯ ಸೌಟಿನಲ್ಲಿ ಬಕೆಟ್ಟಿಗೆ ತುಂಬುತ್ತಾರೆ. ಊರಿನ ವೆಲ್ಡಿಂಗ್ ಅಂಗಡಿಯವರು ಹಳೆಯ ಆಂಗಲ್ ಕಬ್ಬಿಣದಲ್ಲಿ ಅದನ್ನು ಮಾಡಿಕೊಟ್ಟರು. ಬೆಸುಗೆಯ ಕೆಲಸವನ್ನು ಮಕ್ಕಳಿಂದ ಮಾಡಿಸಲಿಲ್ಲ, ಆದರೆ ಅಳತೆಯ ನಕ್ಷೆ ಅವರದೇ ಕೈಬರಹದ್ದು.

ಆ ಮೇಜನ್ನು ವಸ್ತುಪ್ರದರ್ಶನಕ್ಕೆ ಒಯ್ದಾಗ ತೀರ್ಪುಗಾರರೊಬ್ಬರು “ಇದರಲ್ಲಿ ವಿಜ್ಞಾನ ಎಲ್ಲಿದೆ?” ಎಂದು ಕೇಳಿ ಮುಂದಕ್ಕೆ ಹೋದರು. ಮಕ್ಕಳ ಬಳಿ ನಲವತ್ತಕ್ಕೂ ಹೆಚ್ಚು ಪುಟಗಳ ಪುಸ್ತಕ ಇತ್ತು. ಅದರಲ್ಲಿ ಮಗುಚಿದ ಡಬ್ಬಿಯ ಚಿತ್ರ, ಪಿನ್ನಿನ ಜಾಗದ ಕೋಷ್ಟಕ, ಪ್ಲಾಸ್ಟಿಕ್‌ನ ತಾಪದ ವಿಷಯ, ಅಡುಗೆಯವರ ಮಾತು, ಕೈಬಿಟ್ಟ ಚೌಕಟ್ಟಿನ ನಕ್ಷೆ ಎಲ್ಲವೂ ದಿನಾಂಕದ ಸಮೇತ ಇದ್ದವು. ಅದನ್ನು ಯಾರೂ ತೆರೆದು ನೋಡಲಿಲ್ಲ. ತೀರ್ಪಿನ ನಮೂನೆಯಲ್ಲಿ ಅಂಥದ್ದಕ್ಕೆ ಅಂಕವೇ ಇರಲಿಲ್ಲವಾದ್ದರಿಂದ ಆ ತೀರ್ಪುಗಾರರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೆ ಆ ಮಕ್ಕಳು ಅಂದು ಕಲಿತುಕೊಂಡು ಹೋದದ್ದು ಏನು ಎಂಬುದನ್ನು ನಾವೆಲ್ಲ ಯೋಚಿಸಬೇಕು. ಮುಂದಿನ ವರ್ಷ ಅದೇ ಶಾಲೆಯಿಂದ ಸೆನ್ಸರ್ ಇರುವ ಕಸದ ಬುಟ್ಟಿ ಬಂದರೆ ಆಶ್ಚರ್ಯಪಡುವ ಹಕ್ಕು ನಮಗಿರುವುದಿಲ್ಲ.

ಕೈಕೆಲಸವನ್ನು ಶಾಲೆಗೆ ತರುವ ಪ್ರಯತ್ನ ನಮ್ಮಲ್ಲಿ ಹೊಸದೇನಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ನಡೆದ ಶಿಕ್ಷಣ ಸಮ್ಮೇಳನ ಮತ್ತು ಅದರ ಬೆನ್ನಿಗೆ ಬಂದ ಜಾಕಿರ್ ಹುಸೇನ್ ಸಮಿತಿಯ ವರದಿಯಿಂದ, ಕೈಕಸುಬಿನ ಮೂಲಕ ಕಲಿಸುವ ಮೂಲಶಿಕ್ಷಣ ಹುಟ್ಟಿತು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಫಾರಸು ಮಾಡಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸದ ಪರಿಕಲ್ಪನೆ ಕೊಟ್ಟಿತು. ನಮ್ಮ ತಲೆಮಾರಿನವರು ಶಾಲೆಯಲ್ಲಿ ನೂಲುವ ತಕಲಿ ತಿರುಗಿಸಿದ್ದು, ತೋಟದ ಪಾತಿ ಮಾಡಿದ್ದು, ಹೊಲಿಗೆ ಕಲಿತದ್ದು ಇವುಗಳ ಫಲ. ಅದರಿಂದ ಕೈ ಪಳಗಿತು, ದುಡಿಮೆಯ ಬಗ್ಗೆ ಗೌರವ ಬಂತು, ಅದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಅಲ್ಲಿಯೂ ಏನು ಮಾಡಬೇಕು ಎಂಬುದನ್ನು ಮೇಷ್ಟ್ರೇ ನಿರ್ಧರಿಸಿರುತ್ತಿದ್ದರು, ಹೇಗೆ ಮಾಡಬೇಕು ಎಂಬುದೂ ಮೊದಲೇ ಗೊತ್ತಾಗಿರುತ್ತಿತ್ತು. ಇಂದು ತಕಲಿಯ ಜಾಗದಲ್ಲಿ ಕಿಟ್ ಬಂದಿದೆ. ಏನನ್ನು ಮಾಡಬೇಕು, ಯಾರಿಗಾಗಿ ಮಾಡಬೇಕು, ಮಾಡಿದ್ದು ಸರಿಯಾಯಿತೇ ಎಂದು ತೀರ್ಮಾನಿಸುವ ಕೆಲಸ ಇಂದೂ ಮಗುವಿನ ಕೈಗೆ ಬಂದಿಲ್ಲ. ಕರ್ನಾಟಕದ ಜೂನಿಯರ್ ಟೆಕ್ನಿಕಲ್ ಶಾಲೆಗಳಲ್ಲಿ ಎಂಜಿನಿಯರಿಂಗ್ ಗ್ರಾಫಿಕ್ಸ್, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನ ಮೂಲಾಂಶಗಳು ಎಸ್ಸೆಸ್ಸೆಲ್ಸಿ ವಿಷಯಗಳಾಗಿ ಇವೆ. ಅಲ್ಲಿ ನಕ್ಷೆ ಓದುವುದನ್ನು ಅಚ್ಚುಕಟ್ಟಾಗಿ ಕಲಿಸುತ್ತಾರೆ. ನಕ್ಷೆ ಬರೆಯುವ ಮುಂಚೆ ಆಗಬೇಕಾದ ಯೋಚನೆಗೆ ಅಲ್ಲಿಯೂ ಜಾಗ ಕಡಿಮೆ.

ಬೇರೆ ಕಡೆ ಏನಾಗಿದೆ ಎಂಬುದನ್ನು ನೋಡಿದರೆ ಒಂದು ಎಚ್ಚರಿಕೆಯೂ ಸಿಗುತ್ತದೆ. ಇಂಗ್ಲೆಂಡಿನಲ್ಲಿ 1990ರಿಂದ ಡಿಸೈನ್ ಮತ್ತು ಟೆಕ್ನಾಲಜಿ ಎಂಬುದು ರಾಷ್ಟ್ರೀಯ ಪಠ್ಯಕ್ರಮದ ಕಡ್ಡಾಯ ವಿಷಯವಾಯಿತು. ವಿನ್ಯಾಸದ ಕ್ರಮವನ್ನು ಹಂತಹಂತವಾಗಿ ಕಡತದಲ್ಲಿ ತೋರಿಸಬೇಕು ಎಂಬ ನಿಯಮ ಪರೀಕ್ಷೆಗೆ ಸೇರಿದಾಗ, ವಸ್ತುವನ್ನು ಮೊದಲೇ ನಿರ್ಧರಿಸಿಕೊಂಡು ಆಮೇಲೆ “ಪ್ರಾರಂಭಿಕ ಕಲ್ಪನೆಗಳು” ಎಂಬ ಪುಟವನ್ನು ಅಂದವಾಗಿ ಬಿಡಿಸಿ ಸೇರಿಸುವ ಅಭ್ಯಾಸವೂ ಹುಟ್ಟಿಕೊಂಡಿತು ಎಂಬ ಟೀಕೆ ಅಲ್ಲಿನ ಶಿಕ್ಷಣ ವಲಯದಿಂದಲೇ ಬಂದಿದೆ. 2017ರಿಂದ ಬೋಧನೆಗೆ ಬಂದ ಅಲ್ಲಿನ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಪಠ್ಯದಲ್ಲಿ ಈ ವಿಷಯದ ಒಟ್ಟು ಅಂಕಗಳ ಅರ್ಧ ಭಾಗ ವಿನ್ಯಾಸ ಮಾಡಿ ತಯಾರಿಸುವ ಯೋಜನೆಗೆ ಮೀಸಲು. ಪರೀಕ್ಷಾ ಮಂಡಳಿ ಮಾಡಬೇಕಾದ ವಸ್ತುವಿನ ಹೆಸರು ಹೇಳುವುದಿಲ್ಲ. ಪ್ರತಿ ವರ್ಷ ಜೂನ್ 1ರಂದು ಕೆಲವು ಸಂದರ್ಭಗಳನ್ನಷ್ಟೇ ಪ್ರಕಟಿಸುತ್ತದೆ, ಆ ಸಂದರ್ಭದೊಳಗೆ ಯಾರ ಯಾವ ಅಗತ್ಯವನ್ನು ಆರಿಸಿಕೊಳ್ಳಬೇಕು ಎಂಬುದನ್ನು ವಿದ್ಯಾರ್ಥಿಯೇ ಹುಡುಕಬೇಕು. ಪರಿಶೋಧನೆ, ವಿನ್ಯಾಸ, ತಯಾರಿಕೆ, ವಿಮರ್ಶೆ ಇವು ಸುತ್ತಿ ಸುತ್ತಿ ಬರುವ ಕೆಲಸಗಳು ಎಂದು ಆ ಪಠ್ಯ ಒಪ್ಪಿಕೊಂಡಿದೆ. ಅವರ ಪದ್ಧತಿಯನ್ನು ಹಾಗೆಯೇ ತರಬೇಕು ಎಂಬುದು ನನ್ನ ವಾದವಲ್ಲ. ನಮ್ಮ ತರಗತಿಯ ಮಕ್ಕಳ ಸಂಖ್ಯೆ, ನಮ್ಮ ಶಾಲೆಯ ಕಾರ್ಯಾಗಾರ ಎರಡೂ ಬೇರೆ. ಆದರೆ ವಸ್ತುವಿನ ಹೆಸರನ್ನು ಕೊಡದೆ ಸಂದರ್ಭವನ್ನು ಕೊಡುವ ಆ ಒಂದು ಕ್ರಮವನ್ನು ನಾಳೆಯೇ ನಮ್ಮ ಯಾವ ಶಾಲೆಯಲ್ಲಾದರೂ ಒಂದು ರೂಪಾಯಿ ಖರ್ಚಿಲ್ಲದೆ ಅನುಸರಿಸಬಹುದು. “ಮಳೆಗಾಲದಲ್ಲಿ ಶಾಲೆಗೆ ಬರುವುದು”, “ಹುಣಸೆಹಣ್ಣಿನ ಬೀಜ ಬಿಡಿಸುವ ಮನೆಗಳು”, “ಒಂದನೇ ತರಗತಿಯವರು ಕೈತೊಳೆಯುವ ನಲ್ಲಿ” ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ತಾವಾಗಿ ಊರಿನೊಳಗೆ ಹೋಗುತ್ತಾರೆ.

ಶಾಲಾ ಮಕ್ಕಳ ಹೊಸ ಕಲ್ಪನೆಗಳನ್ನು ಆರಿಸುವ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ದೊರೆಯುತ್ತದೆ. ಅಷ್ಟು ಹಣ ಮಗುವಿನ ಹೆಸರಿಗೆ ಬರುವುದು ಬಡ ಮನೆಯಲ್ಲಿ ದೊಡ್ಡ ಸಂಗತಿ, ಅದು ಮುಂದುವರಿಯಬೇಕು. ನನ್ನ ಕಳವಳ ಇರುವುದು ಕಲ್ಪನೆಯನ್ನು ಕಳುಹಿಸುವ ಕೊನೆಯ ದಿನಾಂಕ ಹತ್ತಿರ ಬಂದಾಗ ನಡೆಯುವ ಕೆಲಸದ ಬಗ್ಗೆ. ಶಿಕ್ಷಕರು ಪಾಠ, ಜನಗಣತಿ, ಚುನಾವಣೆ, ಆನ್‌ಲೈನ್ ದಾಖಲೆಗಳ ನಡುವೆ ಬಿಡುವಿಲ್ಲದೆ ದುಡಿಯುತ್ತಿರುತ್ತಾರೆ. ಮಕ್ಕಳಿಗೆ “ಒಂದು ಹೊಸ ಐಡಿಯಾ ಬರೆದುಕೊಂಡು ಬನ್ನಿ” ಎಂದು ಹೇಳಿ ಸಂಜೆಯೊಳಗೆ ಅದನ್ನು ಅಪ್‌ಲೋಡ್ ಮಾಡಬೇಕಾಗುತ್ತದೆ. ಹೀಗೆ ಒಂದೇ ರಾತ್ರಿಯಲ್ಲಿ ಹುಟ್ಟಬೇಕಾದ ಕಲ್ಪನೆ ಮೊಬೈಲಿನಿಂದಲೇ ಹುಟ್ಟುತ್ತದೆ. ಶಾಲೆ ಆರಂಭವಾದ ದಿನದಿಂದಲೇ ಪ್ರತಿ ಮಗುವೂ ಒಂದು ಪುಸ್ತಕ ಇಟ್ಟುಕೊಂಡು, ಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಕಂಡ ತೊಂದರೆಗಳನ್ನು ಬರೆಯುತ್ತಾ ಬಂದಿದ್ದರೆ ಕಳುಹಿಸಲು ಯೋಗ್ಯವಾದ ಹತ್ತಾರು ಪ್ರಶ್ನೆಗಳು ಅದರೊಳಗೆ ಇರುತ್ತವೆ.

ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಿರುವುದು ಸಮಯ. ನಲವತ್ತು ನಿಮಿಷದ ಅವಧಿಯಲ್ಲಿ ಸಾಮಾನು ಹೊರಗೆ ತೆಗೆದು ಮತ್ತೆ ಒಳಗಿಡುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ವಾರಕ್ಕೊಮ್ಮೆಯಾದರೂ ಎರಡು ಅವಧಿಗಳನ್ನು ಜೋಡಿಸಿ ಕೊಟ್ಟರೆ, ಮತ್ತು ವರ್ಷಕ್ಕೆ ಒಂದು ತಂಡ ಒಂದೇ ಸಮಸ್ಯೆಯನ್ನು ಹಿಡಿದು ಕೆಲಸ ಮಾಡಿದರೆ ಸಾಕು. ಹಣದ ವಿಷಯದಲ್ಲಿ ನನ್ನ ಅನುಭವಕ್ಕೆ ಬಂದಿರುವುದು ಇಷ್ಟೇ: ಲ್ಯಾಬಿನಲ್ಲಿ ದುಬಾರಿ ಯಂತ್ರ ಇರುತ್ತದೆ, ಅದರ ಪಕ್ಕದಲ್ಲಿ ರಟ್ಟು, ಪ್ಲೈವುಡ್ ತುಂಡು, ಸ್ಕ್ರೂ, ಕೀಲು, ಅಂಟು, ಒಂದು ಒಳ್ಳೆಯ ಗರಗಸ ಇರುವುದಿಲ್ಲ. ದಿನಬಳಕೆಯ ಇಂಥ ಸಾಮಾನಿಗೆ ಬಿಲ್ಲು ಹೊಂದಿಸುವುದು ಕಷ್ಟ ಎಂದು ಮುಖ್ಯಶಿಕ್ಷಕರು ಹೇಳುತ್ತಾರೆ. ಯಂತ್ರ ಕೆಟ್ಟೀತು, ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದೀತು ಎಂಬ ಭಯದಿಂದ ಬೀಗ ಹಾಕಿದ ಕಪಾಟುಗಳನ್ನೂ ನಾನು ಕಂಡಿದ್ದೇನೆ. ಬಳಸಿ ಕೆಡಿಸಿದ ಸಾಮಾನಿನ ಲೆಕ್ಕವನ್ನು ಕಲಿಕೆಯ ಖರ್ಚು ಎಂದು ಒಪ್ಪುವ ಸ್ಪಷ್ಟ ಸುತ್ತೋಲೆ ಇಲಾಖೆಯಿಂದ ಬಂದರೆ ಆ ಬೀಗಗಳಲ್ಲಿ ಹಲವು ತೆರೆದುಕೊಳ್ಳುತ್ತವೆ.

ಕಲಿಸುವವರ ಪ್ರಶ್ನೆಯೂ ಇದೆ. ತೋಟಗಾರಿಕೆ, ಹೊಲಿಗೆ, ನೇಯ್ಗೆ, ಚಿತ್ರಕಲೆಯ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿದ ಶಾಲೆಗಳು ನಮ್ಮ ಸುತ್ತ ಇವೆ. ಲ್ಯಾಬಿನ ಹೊಣೆ ಸಾಮಾನ್ಯವಾಗಿ ವಿಜ್ಞಾನ ಅಥವಾ ಗಣಿತ ಶಿಕ್ಷಕರ ಹೆಗಲಿಗೆ ಬೀಳುತ್ತದೆ, ಅವರಿಗೆ ಕೊಡುವ ತರಬೇತಿಯೂ ಎಲೆಕ್ಟ್ರಾನಿಕ್ಸ್ ಮತ್ತು ಪ್ರೋಗ್ರಾಮಿಂಗ್ ಸುತ್ತಲೇ ಇರುತ್ತದೆ. ಊರಿನ ಬಡಗಿ, ಕಮ್ಮಾರ, ವೆಲ್ಡರ್, ದರ್ಜಿ, ಪಂಪು ರಿಪೇರಿ ಮಾಡುವವರು ವಾರಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳ ಪಕ್ಕದಲ್ಲಿ ನಿಲ್ಲುವಂತೆ, ಅವರಿಗೆ ಸಲ್ಲಬೇಕಾದ ಗೌರವಧನ ದೊರೆಯುವಂತೆ ವ್ಯವಸ್ಥೆ ಮಾಡುವುದು ಕಷ್ಟವಲ್ಲ. ಚನ್ನಪಟ್ಟಣದ ಕುಶಲಕರ್ಮಿ ಆಲೆಮರದ ತುಂಡನ್ನು ಲೇತಿನಲ್ಲಿ ಕಡೆಯುತ್ತಾ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಘರ್ಷಣೆಯ ಶಾಖದಿಂದಲೇ ಬಣ್ಣ ಹತ್ತಿಸುವುದನ್ನು ನೋಡಿದ ಮಗು, ಬಾಯಿಗೆ ಹಾಕಿಕೊಳ್ಳುವ ಕೂಸಿನ ಆಟಿಕೆಗೆ ಎಂಥ ಅಂಚು ಇರಬೇಕು, ಎಂಥ ಬಣ್ಣ ಇರಬೇಕು ಎಂಬ ಪ್ರಶ್ನೆಯನ್ನು ಅಲ್ಲಿಯೇ ಕೇಳಬಲ್ಲದು. ವಸ್ತು, ಉಪಕರಣ, ಬಳಸುವವರು ಈ ಮೂರನ್ನೂ ಒಟ್ಟಿಗೆ ಯೋಚಿಸುವ ಅಭ್ಯಾಸ ನಮ್ಮ ಕಸುಬುದಾರರಲ್ಲಿ ಬೇಕಾದಷ್ಟಿದೆ, ಅದನ್ನು ಶಾಲೆಯೊಳಗೆ ಕರೆದುಕೊಳ್ಳುವುದಷ್ಟೇ ಬಾಕಿ.

ಅಡುಗೆಮನೆಯ ಕೆಲಸ ಮಾಡಿದ ತಂಡದಲ್ಲಿ ಹುಡುಗಿಯರು ಹೆಚ್ಚಿದ್ದರು ಎಂದು ಹೇಳಿದ್ದೆ. ಸಾಮಾನ್ಯವಾಗಿ ಲ್ಯಾಬಿನಲ್ಲಿ ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲಿ, ವರದಿ ಬರೆಯುವ ಪೆನ್ನು ಹುಡುಗಿಯರ ಕೈಯಲ್ಲಿ ಇರುತ್ತದೆ. ಕೆಲಸ ಯಂತ್ರದಿಂದ ಆರಂಭವಾಗದೆ ಸಮಸ್ಯೆಯಿಂದ ಆರಂಭವಾದಾಗ ಈ ಹಂಚಿಕೆ ತಾನಾಗಿ ಸಡಿಲವಾದದ್ದನ್ನು ನಾನು ಅಲ್ಲಿ ನೋಡಿದೆ. ನೀರು ಹೊರುವುದು, ಒಲೆ, ತೊಟ್ಟಿಲು, ಅಜ್ಜಿಯ ಮಾತ್ರೆ ಡಬ್ಬಿ ಇವುಗಳ ಬಗ್ಗೆ ಹೆಚ್ಚು ತಿಳಿದವರೇ ಅಲ್ಲಿ ಮುಂದಾಳುಗಳಾಗುತ್ತಾರೆ.

ಇವೆಲ್ಲವೂ ಆಗಲು ವರ್ಷಗಳು ಬೇಕಾಗಬಹುದು. ಆದರೆ ಈ ವರ್ಷದ ಪ್ರದರ್ಶನಗಳು ಆರಂಭವಾಗುವ ಮುಂಚೆಯೇ ಆಗಬಹುದಾದ ಒಂದು ಕೆಲಸ ಇದೆ, ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿಯೂ ಅದೇ. ತೀರ್ಪುಗಾರರಿಗೆ ಕೊಡುವ ನಮೂನೆಯಲ್ಲಿ ಒಟ್ಟು ಅಂಕಗಳ ಕನಿಷ್ಠ ಅರ್ಧದಷ್ಟನ್ನು ಕೆಲಸದ ಪುಸ್ತಕಕ್ಕೆ ಮೀಸಲಿಡಿ. ಬಳಸುವವರನ್ನು ಮಗು ಭೇಟಿಯಾಗಿದೆಯೇ, ಏನನ್ನು ಅಳೆದಿದೆ, ಎಷ್ಟು ಬಗೆಯಲ್ಲಿ ಯೋಚಿಸಿದೆ, ಯಾವ ಪ್ರಯತ್ನ ಕೆಟ್ಟಿತು, ಕೆಟ್ಟ ಮೇಲೆ ಏನನ್ನು ಬದಲಿಸಿತು ಎಂಬುದನ್ನು ಆ ಪುಸ್ತಕದಿಂದ ನೋಡಿ. ಅಂದವಾದ ಅಕ್ಷರ, ಬಣ್ಣದ ಹೊದಿಕೆ, ಕಂಪ್ಯೂಟರ್ ಮುದ್ರಣ ಇವಕ್ಕೆ ಅಂಕ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲವಾದರೆ ಪುಸ್ತಕವನ್ನೂ ಕೊನೆಯ ರಾತ್ರಿ ಪೋಷಕರೇ ಬರೆದುಕೊಡುವ ಕಾಲ ಬರುತ್ತದೆ. ಒಂದು ಮಾದರಿಯ ಮುಂದೆ ತೀರ್ಪುಗಾರರು ಎರಡು ನಿಮಿಷ ನಿಲ್ಲುವ ಬದಲು ಹತ್ತು ನಿಮಿಷ ಕೂರುವಂತೆ ತೀರ್ಪುಗಾರರ ಸಂಖ್ಯೆಯನ್ನು ಹೆಚ್ಚಿಸಿ. ಸಂಬಳ ಬಯಸದೆ ಬರಲು ನನ್ನಂಥ ನಿವೃತ್ತ ಬೋಧಕರು, ಕಾರ್ಖಾನೆಗಳಲ್ಲಿ ದುಡಿದ ತಂತ್ರಜ್ಞರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಒಂದು ಕರೆ ಬಂದರೆ ಅವರು ಸಂತೋಷದಿಂದ ಬರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ತುಮಕೂರು ಜಿಲ್ಲೆ